ಗಿಣಿ ಬಾರಿನ ಮುಂಬಾಗಿಲು

ಹಲಸೂರಿನ ಬಜಾರು ಬೀದಿ ಮುಗಿದು ಕೆರೆಯ ಕಡೆಗೆ ತಿರುಗುವ ಮೂಲೆಯಲ್ಲಿ ಒಂದು ಬಾರು ಇತ್ತು. ಅದರ ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಏನೇನೋ ಬರೆದಿತ್ತು, ಪಕ್ಕದಲ್ಲಿ ಒಂದು ಹಸಿರು ಗಿಣಿಯ ಚಿತ್ರವಿತ್ತು. ಓದಲು ಬಂದವರೂ ಬಾರದವರೂ ಅದನ್ನು ಗಿಣಿ ಬಾರು ಎಂದೇ ಕರೆದರು. ಯುದ್ಧದ ಕಾಲದಲ್ಲಿ ಅಲ್ಲಿ ಬಿಳಿ ಸೋಲ್ಜರುಗಳ ಗದ್ದಲ ಹೇಗಿತ್ತೆಂದರೆ, ಎದುರುಮನೆಯ ಹೆಂಗಸರು ಸಂಜೆಯಾದೊಡನೆ ಕಿಟಕಿ ಮುಚ್ಚಿ ಅಗುಳಿ ಹಾಕಿಕೊಳ್ಳುತ್ತಿದ್ದರು. ಯುದ್ಧ ಮುಗಿಯಿತು, ಪಲ್ಟನ್ನುಗಳು ಒಂದೊಂದಾಗಿ ಹಡಗು ಹತ್ತಿದವು. ನಲವತ್ತೇಳರ ಆಗಸ್ಟ್ ಕಳೆಯುವ ಹೊತ್ತಿಗೆ ಗಿಣಿ ಬಾರಿನಲ್ಲಿ ನೊಣ ಹೊಡೆಯುವ ಕೆಲಸವೂ ಇರಲಿಲ್ಲ. ನೊಣಗಳು ಕೂಡ ವ್ಯಾಪಾರವಿರುವ ಕಡೆಗೆ ಹೋಗಿಬಿಟ್ಟಿದ್ದವು.

ಆ ಬಾರಿನ ಕೌಂಟರಿನ ಹಿಂದೆ ನಿಂತು ನಿಂತು ಕಾಲು ಸವೆಸಿದವನು ಚಿನ್ನಪ್ಪ. ಮೀಸೆ ಬರುವ ಮುಂಚೆ ಸೇರಿದವನು, ಮೀಸೆ ನರೆತರೂ ಅಲ್ಲಿಯೇ ಇದ್ದ. ಅವನ ಹೆಂಡತಿ ಯಶೋದಮ್ಮ ಹಿಂದಿನ ಅಡುಗೆಕೋಣೆಯಲ್ಲಿ ಕಡಲೆಕಾಯಿ ಹುರಿದು, ಬೋಟಿ ಗೊಜ್ಜು ಮಾಡಿ ಕೊಡುತ್ತಿದ್ದಳು. ಬಾರಿನ ಒಡತಿ ಮಿಸೆಸ್ ಹ್ಯಾಲಿಡೇ, ರಿಚರ್ಡ್ಸ್ ಟೌನಿನಲ್ಲಿ ಗುಲಾಬಿ ಗಿಡಗಳ ನಡುವೆ ಒಬ್ಬರೇ ಇದ್ದ ಆಂಗ್ಲೋ ಇಂಡಿಯನ್ ವಿಧವೆ. ಬಾರು ಕಟ್ಟಿದ್ದು ಅವರ ಗಂಡ.

ಆ ಸೆಪ್ಟೆಂಬರಿನಲ್ಲಿ ಮಿಸೆಸ್ ಹ್ಯಾಲಿಡೇ ಚಿನ್ನಪ್ಪನನ್ನು ಮನೆಗೆ ಕರೆಸಿದರು. ಅವರದು ಇಂಗ್ಲಿಷು, ತಮಿಳು, ಹಿಂದೂಸ್ಥಾನಿ ಮೂರನ್ನೂ ಒಂದೇ ಬೋಗುಣಿಯಲ್ಲಿ ಕಲಸಿದ ಭಾಷೆ. ಚಿನ್ನಪ್ಪನಿಗೆ ಅದರ ಒಂದು ಅಗುಳೂ ಬಿಡದೆ ಅರ್ಥವಾಗುತ್ತಿತ್ತು. ಕ್ರಿಸ್ಮಸ್ಸಿಗೆ ಮೊದಲೇ ತಾನು ಆಸ್ಟ್ರೇಲಿಯಾಕ್ಕೆ, ಮಗಳ ಬಳಿಗೆ ಹೊರಡುವುದಾಗಿ ಅವರು ಹೇಳಿದರು. ಬಾಣಸವಾಡಿಯ ಸೌದೆ ಡಿಪೋದವನು ಆ ಜಾಗವನ್ನು ಕೇಳುತ್ತಿದ್ದಾನೆ. ತನಗೆ ಅವನಿಗೆ ಕೊಡಲು ಇಷ್ಟವಿಲ್ಲ. ಆದರೆ ಖಾಲಿ ಬಾರನ್ನು ಚಿನ್ನಪ್ಪನ ತಲೆಗೆ ಕಟ್ಟಿದರೆ ಅವನೂ ಮುಳುಗುತ್ತಾನೆ, ಜಾಗವೂ ಹಾಳಾಗುತ್ತದೆ.

"ದೀಪಾವಳಿ ಕಳೆದ ಶನಿವಾರ ಸಂಜೆ ನಾನೇ ಬಂದು ನೋಡ್ತೀನಿ ಚಿನ್ನಪ್ಪಾ. ಹಾಲ್ ತುಂಬಿದ್ರೆ ಬಾರು ನಿಂದು, ಲೈಸೆನ್ಸು ನಿನ್ನ ಹೆಸರಿಗೆ. ಇಲ್ಲಾಂದ್ರೆ ಸೌದೆ."

ದಾರಿಯುದ್ದಕ್ಕೂ ಚಿನ್ನಪ್ಪನಿಗೆ ಕಣ್ಣಮುಂದೆ ಸೌದೆಯೇ ಕಾಣುತ್ತಿತ್ತು. ಬೇರೆ ಕಸುಬು ಅವನಿಗೆ ಗೊತ್ತಿರಲಿಲ್ಲ. ಈ ವಯಸ್ಸಿನಲ್ಲಿ ಹೊಸದನ್ನು ಕಲಿಸಿಕೊಡುವವರೂ ಇರಲಿಲ್ಲ.

ಆದರೆ ಮನೆ ಮುಟ್ಟುವ ಹೊತ್ತಿಗೆ ಅವನಿಗೆ ಒಂದು ಯೋಚನೆ ಬಂದು ಮೈ ಬೆಚ್ಚಗಾಯಿತು. ಹಲಸೂರಿನ ಜನಕ್ಕೆ ಬಾಯಾರಿಕೆ ಇಲ್ಲವೆ? ಬೇಕಾದಷ್ಟಿದೆ. ಕುಡಿಯುವುದಿಲ್ಲವೆ? ಕುಡಿಯುತ್ತಾರೆ. ಹಾಗಾದರೆ ಒಳಗೆ ಬಂದು ಕೂರುವುದಿಲ್ಲ ಏಕೆ? ಕೂರಿಸಿದವರಿಲ್ಲ, ಅದಕ್ಕೆ. ಗಿಣಿ ಬಾರಿನ ಮುಂದಿನ ಹಾಲು ಬಿಳಿ ಪಲ್ಟನ್ನಿನವರಿಗೆ ಮಾತ್ರ ಎಂದು ಬಾಗಿಲ ಮೇಲೆಯೇ ತಗಡು ಹೊಡೆದಿತ್ತು. ಊರಿನವರಿಗೆ ಇದ್ದದ್ದು ಹಿಂದಿನ ಓಣಿಯ ಗೋಡೆಯಲ್ಲಿ, ಒಂದು ಕೈ ತೂರುವಷ್ಟು ಅಗಲದ ಕಿಟಕಿ. ಹೊರಗಿನಿಂದ ಒಂದು ಕೈ ಕಾಸು ಚಾಚುತ್ತಿತ್ತು, ಒಳಗಿನಿಂದ ಚಿನ್ನಪ್ಪನ ಕೈ ತಗಡಿನ ಮಗ್ಗು ಚಾಚುತ್ತಿತ್ತು. ಆ ಮಗ್ಗುಗಳಲ್ಲೂ ಜಾತಿಗೆ ತಕ್ಕಂತೆ ಎರಡು ಸಾಲು. ಬಿಳಿಯರು ಮಾಡಿದ ಅವಮಾನ ಸಾಲದೆಂದು ನಮ್ಮವರೂ ಸ್ವಲ್ಪ ಸೇರಿಸಿದ್ದರು.

"ಎಲ್ಲಾನೂ ತೆಗೆದು ಹಾಕ್ತೀನಿ. ಯಾರ್ ಬೇಕಾದ್ರೂ ಮುಂದಿನ ಬಾಗಿಲಲ್ಲಿ ಬರ್ಬೇಕು, ಎಲ್ಲಿ ಬೇಕಾದ್ರೂ ಕೂತ್ಕೋಬೇಕು, ಎಲ್ರಿಗೂ ಒಂದೇ ಗ್ಲಾಸು" ಎಂದು ಚಿನ್ನಪ್ಪ ಹೆಂಡತಿಗೆ ಹೇಳಿದ.

"ಬಾರು ಮಾಡ್ತೀರೋ, ಮಠ ಮಾಡ್ತೀರೋ?" ಎಂದಳು ಯಶೋದಮ್ಮ. ಆದರೂ ಮರುದಿನವೇ ಸೊಂಟಕ್ಕೆ ಸೆರಗು ಸಿಕ್ಕಿಸಿ ಹಾಲಿನ ಧೂಳು ಹೊಡೆಯಲು ನಿಂತಳು.

ಮರಗೆಲಸಕ್ಕೆ ಬಂದವನು ಶಿವಾಜಿನಗರದ ಖಾದರ್. ಹುಟ್ಟಿದಾಗಿನಿಂದ ಒಂದು ತೊಟ್ಟು ಮುಟ್ಟಿದವನಲ್ಲ. ಬಾರಿನ ಕೆಲಸ ಮಾಡ್ತೀಯಾ ಎಂದು ಚಿನ್ನಪ್ಪ ಸಂಕೋಚದಿಂದ ಕೇಳಿದ್ದಕ್ಕೆ, "ಕುಡಿಯೋದು ಹರಾಮು ಭಾಯಿ, ಕೂತ್ಕೊಳ್ಳೋದು ಹರಾಮಲ್ಲ. ಬೆಂಚು ಮಾಡಿಕೊಡ್ತೀನಿ" ಎಂದ. ಅವನು ಹಾಲಿನ ನಡುವಿನ ಮರದ ಅಡ್ಡಗೋಡೆಯನ್ನು ಕಿತ್ತು ಅದರ ಹಲಗೆಗಳಲ್ಲೇ ಉದ್ದನೆಯ ಬೆಂಚುಗಳನ್ನು ಮಾಡಿದ. ಬಿಳಿಯರ ಎತ್ತರದ ಸ್ಟೂಲುಗಳ ಕಾಲು ಕೊಯ್ದು, ನಮ್ಮ ಜನ ಕಾಲು ಮಡಚಿ ಕೂರಲೂ ಆಗುವಂತೆ ಅಗಲ ಮಾಡಿದ. ಕಿಟಕಿಯ ಗಾಜಿಗೆ ಬಳಿದಿದ್ದ ಹಸಿರು ಬಣ್ಣವನ್ನು ಯಶೋದಮ್ಮ ಕೆರೆದಳು. ಮೊಟ್ಟಮೊದಲ ಸಲ ಆ ಹಾಲಿಗೆ ಸಂಜೆಯ ಬಿಸಿಲು ಬಂತು. ಬಾಗಿಲ ಮೇಲಿನ ತಗಡು ಇಳಿಯಿತು. ಹಿಂದಿನ ಕಿಟಕಿಗೆ ಇಟ್ಟಿಗೆ ಇಟ್ಟು ಗಾರೆ ಮೆತ್ತಿದರು. ಎರಡೂ ಸಾಲಿನ ಮಗ್ಗುಗಳು ಗುಜರಿಗೆ ಹೋದವು.

ಇಂಗ್ಲೆಂಡಿನ ರಾಜನ ಪಟವನ್ನು ಇಳಿಸಿದ ಮೇಲೆ ಆ ಮೊಳೆಗೆ ಯಾರನ್ನು ಹಾಕುವುದು ಎಂಬ ಪ್ರಶ್ನೆ ಬಂತು. ಸ್ವಾತಂತ್ರ್ಯ ತಂದ ದೊಡ್ಡವರ ಪಟ ಹಾಕೋಣವೆಂದರೆ, ಅವರಲ್ಲಿ ಮುಖ್ಯರಾದವರಿಗೆ ಹೆಂಡದ ಹೆಸರೇ ಆಗದು. ಕೊನೆಗೆ ಆ ಮೊಳೆಗೆ ಬೀಗದ ಕೈ ಗೊಂಚಲು ತಗುಲಿಹಾಕಿದರು.

ದಸರಾ ಮುಗಿದ ಶನಿವಾರ ಬಾಗಿಲು ತೆರೆಯಿತು. ಮೊದಲು ಯಾರೂ ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೆ ನಿಂತು ಕತ್ತು ಚಾಚಿ ನೋಡಿದರು. ಆಮೇಲೆ ಗಾರೆ ಮೇಸ್ತ್ರಿ ಶ್ರೀರಾಮಪ್ಪ, ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ದೇವಸ್ಥಾನಕ್ಕೆ ಬಂದವನ ಹಾಗೆ ಮೆಲ್ಲಗೆ ಒಳಗೆ ಕಾಲಿಟ್ಟ. ಅವನ ಹಿಂದೆ ಜಟಕಾ ಓಡಿಸುವ ಮುನಿಶಾಮಿ. ಅವನ ಹಿಂದೆ ಬಜಾರಿನ ಕೂಲಿಗಳು, ತೋಟದವರು, ಇಬ್ಬರು ಪೆನ್ಷನ್ ಸಿಪಾಯಿಗಳು. ಒಂದೇ ಗ್ಲಾಸು ಎಂದು ಗೊಣಗಿದವರು ಇದ್ದರು, ಗೊಣಗುತ್ತಲೇ ಕುಡಿದರು. ಹಾಲಿನಲ್ಲಿ ಬೋಟಿ ಗೊಜ್ಜಿನ ವಾಸನೆ, ನಗು, ಬೀಡಿಯ ಹೊಗೆ. ಚಿನ್ನಪ್ಪನಿಗೆ ಹೆಂಡತಿಯನ್ನು ಎಲ್ಲರ ಮುಂದೆಯೇ ಅಪ್ಪಿಕೊಳ್ಳಬೇಕೆನಿಸಿತು. ಅವಳ ಕೈಯಲ್ಲಿ ಕಾದ ಸಟ್ಟುಗ ಇದ್ದದ್ದರಿಂದ ಸುಮ್ಮನಾದ.

ಆಗ ಬಾಗಿಲಲ್ಲಿ ಮುನಿವೆಂಕಟಮ್ಮ ಕಾಣಿಸಿಕೊಂಡಳು.

ಮುನಿವೆಂಕಟಮ್ಮ ಹಲಸೂರಿನ ಸೂಲಗಿತ್ತಿ. ಆ ಬೀದಿಗಳಲ್ಲಿ ಓಡಾಡುವ ಜನರಲ್ಲಿ ಅರ್ಧದಷ್ಟು ಮಂದಿ ಅವಳ ಕೈಮೇಲೆ ಹುಟ್ಟಿದವರು. ಬಾಣಂತಿ ಕೋಣೆಯ ಬಿಸಿನೀರು, ಹೊಗೆ, ರಾತ್ರಿಯ ನಿದ್ದೆಗೇಡು ಇವೆಲ್ಲದರ ದಣಿವಿಗೆ ಸಂಜೆ ಒಂದು ಮಗ್ಗು ರಮ್ಮು ಕುಡಿಯುವುದು ಅವಳ ರೂಢಿ. ಅದನ್ನು ಯಾರೂ ತಪ್ಪೆಂದು ತಿಳಿದಿರಲಿಲ್ಲ. ಹಿಂದಿನ ಕಿಟಕಿಗೆ ಅವಳು ದಿನವೂ ಬರುತ್ತಿದ್ದಳು, ಮಗ್ಗು ಹಿಡಿದು ಓಣಿಯ ಮೆಟ್ಟಿಲ ಮೇಲೆ ಕೂತು ಕುಡಿದು ಹೋಗುತ್ತಿದ್ದಳು. ಇನ್ನು ಮುಂದೆ ಮುಂದಿನ ಬಾಗಿಲಲ್ಲೇ ಬನ್ನಿ ಎಂದು ಚಿನ್ನಪ್ಪನೇ ಹೋಗಿ ಹೇಳಿ ಬಂದಿದ್ದ. ಅವಳು ಅದನ್ನು ಮದುವೆಗೆ ಕರೆದಷ್ಟು ದೊಡ್ಡದಾಗಿ ತೆಗೆದುಕೊಂಡಿದ್ದಳು. ಒಗೆದ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟು, ಎಲೆಅಡಿಕೆ ಹಾಕಿ ತುಟಿ ಕೆಂಪು ಮಾಡಿಕೊಂಡು ಬಂದಿದ್ದಳು.

ಶ್ರೀರಾಮಪ್ಪ ಮೊದಲು ನೋಡಿದ. ಎತ್ತಿದ್ದ ಗ್ಲಾಸು ಮೇಲುವಸ್ತ್ರದ ಒಳಗೆ ಮಾಯವಾಯಿತು. ಮುನಿಶಾಮಿ ಬಾಯಲ್ಲಿದ್ದದ್ದನ್ನು ನುಂಗಲಾರದೆ ಉಗುಳಲಾರದೆ ಕೆನ್ನೆ ಉಬ್ಬಿಸಿಕೊಂಡು ಅಡುಗೆಕೋಣೆಯ ಕಡೆ ಓಡಿದ. ಪೆನ್ಷನ್ ಸಿಪಾಯಿಗಳು ಬೆಂಚಿನ ಕೆಳಗೆ ಏನೋ ಬಿದ್ದಿದೆ ಎಂದು ಹುಡುಕುತ್ತ ಹುಡುಕುತ್ತ ಬಾಗಿಲಾಚೆ ಹೋದರು. ಮುದುಕಿ ನಡುಬೆಂಚಿಗೆ ಬಂದು ಕೂತು, ಸೀರೆ ಸರಿಮಾಡಿಕೊಂಡು ತಲೆ ಎತ್ತುವಷ್ಟರಲ್ಲಿ ಹಾಲಿನಲ್ಲಿ ಅವಳು ಮತ್ತು ಚಿನ್ನಪ್ಪ ಇಬ್ಬರೇ ಉಳಿದಿದ್ದರು.

ಇಲ್ಲಿ ಒಂದು ಮಾತು ಹೇಳಬೇಕು. ಹಲಸೂರಿನ ಗಂಡಸು ಹೊಳೆಯಷ್ಟು ಕುಡಿದಾನು, ಆದರೆ ಹಿರಿಯರ ಕಣ್ಣೆದುರು ಒಂದು ಗುಟುಕೂ ಕುಡಿಯಲಾರ. ಅಣ್ಣ ಬಂದರೆ ತಮ್ಮ ಉರಿಯುವ ಬೀಡಿಯನ್ನು ಅಂಗೈಯಲ್ಲಿ ಮುಚ್ಚಿ ಸುಟ್ಟುಕೊಳ್ಳುತ್ತಾನೆಯೇ ಹೊರತು ತೋರಿಸುವುದಿಲ್ಲ. ಅಣ್ಣನಿಗೂ ಎಲ್ಲ ಗೊತ್ತು, ತಮ್ಮನಿಗೂ ಗೊತ್ತು, ಕಾಣದಿದ್ದರೆ ಸಾಕು. ಮುನಿವೆಂಕಟಮ್ಮ ಅಲ್ಲಿದ್ದ ಎಲ್ಲರಿಗಿಂತ ಹಿರಿಯಳು, ಎಲ್ಲರಿಗೂ ತಾಯಿಯಂಥವಳು. ಕತ್ತಲೆಯ ಓಣಿಯಲ್ಲಿ ಅವಳು ಬಲಕ್ಕೆ ಕೂತರೆ ಗಂಡಸರು ಎಡಕ್ಕೆ ಹೋಗುತ್ತಿದ್ದರು, ಯಾರ ಮರ್ಯಾದೆಗೂ ಮುಕ್ಕಾಗುತ್ತಿರಲಿಲ್ಲ. ಚಿನ್ನಪ್ಪ ಈಗ ಹಾಲಿಗೆ ಬಿಸಿಲು ತಂದು, ಅಡ್ಡಗೋಡೆ ಕಿತ್ತು, ಎಲ್ಲರನ್ನೂ ಎಲ್ಲರಿಗೂ ಕಾಣಿಸಿಬಿಟ್ಟಿದ್ದ. ಅವನು ಬೆಳೆದದ್ದು ಬಿಳಿಯರ ಬಾರಿನಲ್ಲಿ, ಅಲ್ಲಿ ಅಪ್ಪ ಮಗ ಗ್ಲಾಸಿಗೆ ಗ್ಲಾಸು ತಾಗಿಸುತ್ತಿದ್ದರು. ತನ್ನ ಜನರ ಈ ನಾಚಿಕೆ ಅವನಿಗೆ ಗೊತ್ತಿರಲಿಲ್ಲವೆಂದಲ್ಲ, ಅವನೂ ಈ ಅಜ್ಜಿಯ ಎದುರು ಕುಡಿದವನಲ್ಲ. ಬೆಂಚು ಮಾಡಿಸುವಾಗ ಮಾತ್ರ ಅದು ನೆನಪಿಗೆ ಬಂದಿರಲಿಲ್ಲ.

ಮುನಿವೆಂಕಟಮ್ಮ ಗಾಜಿನ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದಳು. ಗುಟುಕು ಗುಟುಕಾಗಿ, ಸುತ್ತಲೂ ಗೋಡೆ ನೋಡುತ್ತ, ಬೆಂಚನ್ನು ಸವರುತ್ತ ಕುಡಿದಳು. ಹೊರಡುವಾಗ ಚಿನ್ನಪ್ಪನ ಕಡೆಗೆ ಮರುಕದಿಂದ ನೋಡಿದಳು.

"ಪಾಪ, ವ್ಯಾಪಾರಾನೇ ಇಲ್ವಲ್ಲೋ ನಿಂಗೆ. ಇಷ್ಟು ಚೆನ್ನಾಗಿ ಮಾಡಿದೀಯ, ಒಂದು ನರಪಿಳ್ಳೆ ಇಲ್ಲ. ನೀನೇನ್ ಯೋಚ್ನೆ ಮಾಡ್ಬೇಡ ಮಗಾ, ನಾನು ದಿನಾ ಬಂದು ಕೂತ್ಕೋತೀನಿ."

ಹೇಳಿದಂತೆ ದಿನವೂ ಬಂದಳು. ದೀಪ ಹಚ್ಚುವ ಹೊತ್ತಿಗೆ ಬರುವುದು, ನಡುಬೆಂಚಿನಲ್ಲಿ ಕೂರುವುದು, ಚಿನ್ನಪ್ಪನಿಗೆ ಧೈರ್ಯ ಹೇಳುವುದು. ಗಂಡಸರು ಬೀದಿಯ ಆಚೆಬದಿಯಲ್ಲಿ ನಿಂತು ಅವಳು ಎದ್ದು ಹೋಗುವುದನ್ನು ಕಾದು, ಕಾದು ಸಾಕಾಗಿ, ಬೇರೆ ಕಡೆಗೆ ಹೋಗುತ್ತಿದ್ದರು.

ಚಿನ್ನಪ್ಪ ಖಾದರನಿಗೆ ಹೇಳಿ ಬಿದಿರಿನ ತಟ್ಟಿಗಳನ್ನು ಕಟ್ಟಿಸಿದ. ಒಂದು ಮೂಲೆಯನ್ನು ಮರೆ ಮಾಡಿ, ಗಂಡಸರನ್ನು ಹಿಂದಿನ ಬಾಗಿಲಿನಿಂದ ಕರೆದು ಅದರ ಹಿಂದೆ ಕೂರಿಸಿದ. ಸ್ವಲ್ಪ ಹೊತ್ತು ಎಲ್ಲವೂ ನೆಟ್ಟಗಿತ್ತು. ಆಮೇಲೆ ಮುನಿಶಾಮಿ ಕೆಮ್ಮಿದ.

"ಯಾರೋ ಅದು, ತಟ್ಟಿ ಹಿಂದೆ? ಮುನಿಶಾಮಿ ಅಲ್ವೇನೋ?" ಎಂದಳು ಅಜ್ಜಿ. "ನೀನು ಹುಟ್ಟಿದಾಗ್ಲೇ ಹಿಂಗೆ ಕೆಮ್ಮಿದ್ದೆ ಕಣೋ, ನಿಮ್ಮವ್ವ ಹೆದರಿ ಅತ್ತಿದ್ಲು. ಪಕ್ಕದಲ್ಲಿ ಯಾರು, ಮೇಸ್ತ್ರೀನಾ? ಆ ಮೂಗಿನ ಸದ್ದು ಅವರಪ್ಪಂದೇ."

ತಟ್ಟಿಯ ಹಿಂದೆ ಗ್ಲಾಸುಗಳು ಮೆಲ್ಲಗೆ ನೆಲಕ್ಕೆ ಇಳಿದ ಸದ್ದಾಯಿತು. ಮತ್ತೆ ಹಾಲು ಖಾಲಿ.

ದೀಪಾವಳಿ ಕಳೆಯಿತು. ಶನಿವಾರಕ್ಕೆ ಇನ್ನೊಂದೇ ದಿನ ಉಳಿದಾಗ ಶ್ರೀರಾಮಪ್ಪ ಅಡುಗೆಕೋಣೆಯ ಬಾಗಿಲಿಗೆ ಬಂದ. ಅವನು ಕೆಟ್ಟವನಲ್ಲ. ನೆಲ ನೋಡುತ್ತಲೇ ಮಾತಾಡಿದ.

"ಚಿನ್ನಪ್ಪಾ, ನಮಗೂ ಇಲ್ಲಿ ಬಂದು ಕೂತ್ಕೋಬೇಕು ಅಂತ ಆಸೆ ಇದೆ. ಆದ್ರೆ ಅಜ್ಜಿ ಮುಂದೆ ಆಗಲ್ಲಪ್ಪ, ಗಂಟಲಲ್ಲೇ ಇಳಿಯಲ್ಲ. ಆ ಹಿಂದಿನ ಕಿಟಕಿ ಮತ್ತೆ ತೆಗಿ. ಅಜ್ಜಿಗೆ ಅಲ್ಲೇ ಕೊಡು. ಮೊದಲಿಂದ ಅಭ್ಯಾಸ ತಾನೇ ಅವಳಿಗೆ? ನಾಳೆ ನಾನು ಹಾಲು ತುಂಬಿಸೋ ಜವಾಬ್ದಾರಿ ತಗೋತೀನಿ."

ಚಿನ್ನಪ್ಪ ಹೆಂಡತಿಯ ಮುಖ ನೋಡಿದ. ಯಶೋದಮ್ಮ ಒಲೆಯ ಕಡೆ ತಿರುಗಿಕೊಂಡಳು. ಆ ತಿರುವಿನಲ್ಲಿ ಹೂಂ ಇರಲಿಲ್ಲ, ಊಹೂಂ ಕೂಡ ಇರಲಿಲ್ಲ. ಅವಳಿಗೂ ನಾಳೆಯ ಚಿಂತೆ ಇತ್ತು.

ಆ ರಾತ್ರಿಯೆಲ್ಲ ಚಿನ್ನಪ್ಪ ತನಗೆ ತಾನೇ ವಾದ ಹೇಳಿಕೊಂಡ. ಒಬ್ಬ ಮುದುಕಿ, ಒಂದು ಮೆಟ್ಟಿಲು, ಒಂದು ಗ್ಲಾಸು. ಇನ್ನೊಂದು ಕಡೆ ಇಡೀ ಬಾರು, ತನ್ನ ಅನ್ನ. ಎಷ್ಟು ಸಲ ತೂಗಿದರೂ ಬಾರೇ ಹೆಚ್ಚು ತೂಗುತ್ತಿತ್ತು, ಎಷ್ಟು ಸಲ ತೂಗಿದರೂ ಅವನಿಗೆ ತನ್ನ ಮೇಲೆಯೇ ಅಸಹ್ಯವಾಗುತ್ತಿತ್ತು. ಬೆಳಗಾದ ಮೇಲೆ ಖಾದರನಿಗೆ ಕಿಟಕಿಯ ಇಟ್ಟಿಗೆ ತೆಗೆಯಲು ಹೇಳಿ, ಒಂದು ತುಂಬಿದ ರಮ್ಮಿನ ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಕೆರೆ ಏರಿಯ ಕೆಳಗಿನ ಓಣಿಯಲ್ಲಿದ್ದ ಮುನಿವೆಂಕಟಮ್ಮನ ಮನೆಗೆ ಹೋದ.

ಅವಳು ಜಗಲಿಯಲ್ಲಿ ಕೂತು ಯಾರದೋ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳು. ಕೂಸನ್ನು ಅದರ ತಾಯಿಗೆ ಕೊಟ್ಟು ಕಳಿಸಿ, ಚಿನ್ನಪ್ಪನನ್ನು ಒಳಗೆ ಕರೆದಳು. ಅವನು ಚಾಪೆಯ ತುದಿಯಲ್ಲಿ ಕೂತು, ಬಾಟಲಿಯನ್ನು ಮುಂದಿಟ್ಟು, ಊರೆಲ್ಲ ಸುತ್ತಿ ಬಂದಂತೆ ಮಾತಾಡಿದ. ಮಿಸೆಸ್ ಹ್ಯಾಲಿಡೇ, ಸೌದೆ ಡಿಪೋ, ಗಂಡಸರ ನಾಚಿಕೆ, ಹಳೇ ಕಿಟಕಿ.

ಮುನಿವೆಂಕಟಮ್ಮ ಕೈಯ ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡಳು. ಅವಳ ಮುಖ ಸಣ್ಣದಾಯಿತು.

"ಅಂದ್ರೆ ನನ್ನಿಂದಾನೇ ನಿಂಗೆ ವ್ಯಾಪಾರ ಇಲ್ಲ ಅನ್ನು. ನಾನು ಒಬ್ಬಳು ಹುಚ್ಚಿ, ನಿಂಗೆ ಧೈರ್ಯ ಹೇಳೋಕೆ ಬರ್ತಿದ್ದೆ."

"ಅಜ್ಜಿ, ಹಂಗಲ್ಲ..."

"ಇರ್ಲಿ ಬಿಡು. ಬೇಜಾರು ಆಗಿದೆ, ಆಗಿಲ್ಲ ಅಂತ ಯಾಕೆ ಸುಳ್ಳು ಹೇಳ್ಲಿ? ಆ ಕಿಟಕೀಲಿ ಇಷ್ಟು ವರ್ಷ ನಿನ್ನ ಕೈ ಒಂದೇ ನೋಡಿದ್ದು ಕಣೋ ನಾನು. ನನ್ನ ಕೈಲೇ ಹುಟ್ಟಿದ ಕೈ ಅದು. ಮುಖ ನೋಡ್ತಾ ಕೂತ್ಕೊಂಡು ಕುಡಿದಿದ್ದು ಈ ನಾಕು ದಿನ. ಚೆನ್ನಾಗಿತ್ತು. ಸಾಕು, ನಿನ್ನ ಹೊಟ್ಟೆಪಾಡು ದೊಡ್ಡದು."

ಚಿನ್ನಪ್ಪ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡ. ಅವನು ಎದ್ದು ನಿಂತ. ಅವಳು ಬಿಡಲಿಲ್ಲ.

"ಮನೇಗೆ ಬಂದೋನು ಬರೀ ಬಾಯಲ್ಲಿ ಹೋಗ್ಬಾರ್ದು, ಕೂತ್ಕೋ" ಎಂದು ಗದರಿದಳು. ಮನೆಯಲ್ಲಿ ಹಾಲಿರಲಿಲ್ಲ, ಬೆಲ್ಲವಿರಲಿಲ್ಲ. ಎದುರಿಗೆ ಇದ್ದದ್ದು ಅವನೇ ತಂದ ಬಾಟಲಿ. ಅವಳು ಅದರ ಬಿರಡೆ ತೆಗೆದು, ಒಂದು ಹಿತ್ತಾಳೆ ಲೋಟಕ್ಕೆ ಎರಡು ಬೆರಳಷ್ಟು ಸುರಿದು, ನೀರು ಬೆರೆಸಿ, ಅವನ ಮುಂದೆ ಹಿಡಿದಳು.

"ಅಜ್ಜಿ, ನಿಮ್ಮ ಮುಂದೇನಾ? ನಂಗಾಗಲ್ಲ."

"ಏನೋ ಆಗಲ್ಲ? ನೀನು ಭೂಮಿಗೆ ಬಿದ್ದಾಗ ನಿನ್ನ ಬಾಯಿಗೆ ಮೊದಲನೇ ತೊಟ್ಟು ಜೇನು ಬಿಟ್ಟಿದ್ದು ಈ ಬೆರಳು. ಆವಾಗ ನಾಚ್ಕೊಂಡಿದ್ಯಾ? ಹಿರೇರು ಕೈಯಾರೆ ಕೊಟ್ರೆ ಬೇಡ ಅಂತಾರೇನೋ? ಹಿಡಿ."

ಅವನು ಹಿಡಿದ. ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಕುಡಿದ. ಹೊಸತೊಡಕಿನ ದಿನ ಅವನ ಅಪ್ಪ ಹೀಗೆಯೇ ಕೊಡುತ್ತಿದ್ದ. ಯುಗಾದಿಯ ಮಾರನೆಯ ದಿನ ಮಾಂಸದೂಟಕ್ಕೆ ಮುಂಚೆ, ಮನೆಯ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, ತಾನೇ ಸುರಿದು, ತಾನೇ ಎತ್ತಿಕೊಡುತ್ತಿದ್ದ. ಆಗ ಯಾರೂ ಓಡಿಹೋಗುತ್ತಿರಲಿಲ್ಲ. ತಲೆ ತಗ್ಗಿಸಿ ಕುಡಿದು, ಅಪ್ಪನ ಕಾಲು ಮುಟ್ಟಿ, ಊಟಕ್ಕೆ ಏಳುತ್ತಿದ್ದರು.

ಚಿನ್ನಪ್ಪ ಲೋಟ ಕೆಳಗಿಟ್ಟ. ಹಿರಿಯರು ನೋಡಿದರೆ ನಾಚಿಕೆ. ಹಿರಿಯರೇ ಕೊಟ್ಟರೆ ನಾಚಿಕೆ ಎಲ್ಲಿಯದು?

"ಅಜ್ಜಿ! ಸಂಜೆ ನೀವು ಬರ್ಲೇಬೇಕು. ಮುಂದಿನ ಬಾಗಿಲಲ್ಲೇ ಬರ್ಬೇಕು" ಎಂದು ಕೂಗಿದ. ಕೌಂಟರಿನ ಹತ್ತಿರ ಅವಳನ್ನು ಕೂರಿಸುವುದಾಗಿಯೂ, ಬಂದವರಿಗೆಲ್ಲ ಮೊದಲ ಗ್ಲಾಸನ್ನು ಅವಳೇ ಎತ್ತಿಕೊಡಬೇಕೆಂದೂ ಒಂದೇ ಉಸಿರಿಗೆ ಹೇಳಿದ.

ಮುದುಕಿ ಕಣ್ಣು ಕಿರಿದು ಮಾಡಿ ನೋಡಿದಳು. "ನನ್ನ ಕೆಲಸಕ್ಕೆ ಇಟ್ಕೋತಿದೀಯಾ?"

"ಅಯ್ಯೋ ಇಲ್ಲ ಅಜ್ಜಿ. ನೀವು ಕೂತ್ಕೊಂಡು ಕುಡೀರಿ. ಅವರಿಗೊಂದು ಗ್ಲಾಸು ಕೈಯಾರೆ ಕೊಟ್ಬಿಡಿ, ಅಷ್ಟೇ."

"ಮೊದ್ಲು ನಂದು. ಆಮೇಲೆ ಅವರದು" ಎಂದಳು ಮುನಿವೆಂಕಟಮ್ಮ. ಅವಳ ಮುಖ ಮತ್ತೆ ತನ್ನ ಅಳತೆಗೆ ಬಂದಿತ್ತು.

ಚಿನ್ನಪ್ಪ ಏರಿಯ ಮೇಲೆ ಪಂಚೆ ಎತ್ತಿಕಟ್ಟಿ ಓಡಿದ. ಬಾರಿನ ಹಿಂದಿನ ಓಣಿಯಲ್ಲಿ ಖಾದರ್ ಉಳಿಯನ್ನು ಗಾರೆಗೆ ಇಟ್ಟು ಸುತ್ತಿಗೆ ಎತ್ತಿದ್ದ.

"ನಿಲ್ಸು, ನಿಲ್ಸು! ಕಿಟಕಿ ಬೇಡ!"

"ಯಾ ಅಲ್ಲಾ. ಮುಚ್ಚು ಅಂತೀರಿ, ತೆಗಿ ಅಂತೀರಿ, ಈಗ ನಕ್ಕೋ, ಬೇಡ ಅಂತೀರಿ" ಎಂದ ಖಾದರ್. "ಮತ್ತೇನು ಒಡೀಲಿ, ಅದಾದ್ರೂ ಹೇಳಿ."

"ಕೌಂಟರು!"

ಬಿಳಿಯರ ಆ ಕೌಂಟರು ಎದೆಮಟ್ಟ ಇತ್ತು. ನಿಂತು ಮೊಣಕೈ ಊರಿ ಕುಡಿಯುವವರಿಗೆ ಮಾಡಿದ್ದು. ಅದರ ಹಿಂದೆ ಮುನಿವೆಂಕಟಮ್ಮ ಕೂತರೆ ಬೈತಲೆಯೂ ಕಾಣುತ್ತಿರಲಿಲ್ಲ. ಖಾದರ್ ಮಧ್ಯಾಹ್ನದ ನಮಾಜಿಗೆ ಹೋಗಿ ಬಂದು, ಗರಗಸ ಹಿಡಿದು, ಅದರ ಅರ್ಧ ಭಾಗದ ಕಾಲು ಕೊಯ್ದು ಇಳಿಸಿದ. ಮುಂದೆ ಕೂತವರಿಗೂ ಹಿಂದೆ ಕೂತವರಿಗೂ ಒಂದೇ ಎತ್ತರ ಬಂತು. ತಟ್ಟಿಗಳನ್ನು ಯಶೋದಮ್ಮ ಕಿತ್ತು ಒಲೆಗೆ ಇಟ್ಟಳು. ಒಂದು ಅಗಲವಾದ ಸ್ಟೂಲಿನ ಮೇಲೆ ತನ್ನ ಮದುವೆಯ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದಳು.

ಸಂಜೆ ಮುನಿವೆಂಕಟಮ್ಮ ಬಂದು ಅದರ ಮೇಲೆ ಕಾಲು ಮಡಚಿ ಕೂತಳು. ತನ್ನ ಗ್ಲಾಸನ್ನು ಮೊದಲು ತರಿಸಿಕೊಂಡು ಒಂದು ಗುಟುಕು ಕುಡಿದಳು. ಬೀದಿಯ ಆಚೆ ಶ್ರೀರಾಮಪ್ಪ ತನ್ನ ದಂಡು ಕಟ್ಟಿಕೊಂಡು ನಿಂತಿದ್ದ. ಕಿಟಕಿ ತೆರೆಯದಿದ್ದದ್ದನ್ನೂ, ಅಜ್ಜಿ ನೆಟ್ಟಗೆ ಮುಂದಿನ ಬಾಗಿಲಲ್ಲೇ ಹೋದದ್ದನ್ನೂ ನೋಡಿ ಅವನ ಮುಖ ಇಳಿದಿತ್ತು.

"ಲೋ ಮೇಸ್ತ್ರಿ!" ಎಂದು ಒಳಗಿನಿಂದ ಕೂಗು ಬಂತು. ಹೆರಿಗೆ ಮನೆಯಲ್ಲಿ ಹೊರಗಿನವರಿಗೆ ಕೇಳುವಂತೆ ಕೂಗಿ ಅಭ್ಯಾಸವಾದ ದನಿ ಅದು. "ಏನೋ, ಜಾತ್ರೆ ಬಸವನ ಹಂಗೆ ಬೀದೀಲಿ ನಿಂತಿದೀಯ? ಬಾ ಇಲ್ಲಿ."

ಶ್ರೀರಾಮಪ್ಪ ಬಂದ. ಬರದೆ ಇರುವ ಧೈರ್ಯ ಅವನಿಗಿರಲಿಲ್ಲ. ಮುನಿವೆಂಕಟಮ್ಮ ಚಿನ್ನಪ್ಪ ಸುರಿದ ಗ್ಲಾಸನ್ನು ಎತ್ತಿ ಅವನ ಮುಂದೆ ಹಿಡಿದಳು.

"ಅಜ್ಜಿ..." ಎಂದ ಅವನು, ತಲೆ ಕೆರೆದುಕೊಳ್ಳುತ್ತ.

"ನಾನು ಕೊಡ್ತಿದೀನಿ. ಬೇಡ ಅಂತೀಯಾ?"

ಹಾಲು, ಬಾಗಿಲು, ಬೀದಿ ಎಲ್ಲ ಉಸಿರು ಹಿಡಿದು ನೋಡಿದವು. ಶ್ರೀರಾಮಪ್ಪ ಮೆಲ್ಲಗೆ ಎರಡೂ ಕೈ ಚಾಚಿ ಗ್ಲಾಸನ್ನು ಹಿಡಿದ. ಮುಖ ಪಕ್ಕಕ್ಕೆ ತಿರುಗಿಸಿದ. ಕುಡಿದ. ಆಮೇಲೆ ಬಗ್ಗಿ ಅವಳ ಕಾಲು ಮುಟ್ಟಿದ.

"ಹೂಂ, ಹೋಗು, ಎಲ್ಲಿ ಬೇಕಾದ್ರೂ ಕೂತ್ಕೋ. ಮೂರಕ್ಕಿಂತ ಜಾಸ್ತಿ ಕುಡಿದ್ಯೋ, ನಿಮ್ಮವ್ವನಿಗೆ ಹೇಳ್ತೀನಿ" ಎಂದಳು ಅಜ್ಜಿ.

ಬೀದಿಯಲ್ಲಿ ಒಂದು ನಗು ಎದ್ದಿತು. ಆ ನಗುವಿನ ಜೊತೆಗೇ ಜನ ಒಳಗೆ ನುಗ್ಗಿದರು. ಮುನಿಶಾಮಿ ಕೆಮ್ಮುತ್ತಲೇ ಬಂದು ಕೆಮ್ಮುತ್ತಲೇ ಕುಡಿದ. ಪೆನ್ಷನ್ ಸಿಪಾಯಿಗಳು ಅಟೆನ್ಷನ್ನಿನಲ್ಲಿ ನಿಂತು ಕುಡಿದರು. ಸಾಲು ಬಾಗಿಲಾಚೆಗೂ ಬೆಳೆಯಿತು. ಬಜಾರಿನಲ್ಲಿ ಸೊಪ್ಪು ಮಾರುವ ಇಬ್ಬರು ಹೆಂಗಸರು ಹೊಸ್ತಿಲಲ್ಲಿ ನಿಂತು ಒಳಗೆ ಇಣುಕಿದರು. ಮುನಿವೆಂಕಟಮ್ಮನನ್ನು ನೋಡಿ, ಒಬ್ಬರಿಗೊಬ್ಬರು ಮೊಣಕೈ ತಿವಿದುಕೊಂಡು, ಅವರೂ ಒಳಗೆ ಬಂದರು. ಉಪಕರಣ ಗಂಟುಕಟ್ಟಿ ಹೊರಟಿದ್ದ ಖಾದರನನ್ನು ಅಜ್ಜಿ ಕರೆದು ಕೈಗೆ ಗೋಲಿ ಸೋಡಾ ಕೊಟ್ಟಳು. ಅವನು ತಾನೇ ಮಾಡಿದ ಬೆಂಚಿನ ಮೇಲೆ ಕೂತು, ಗೋಲಿ ಒತ್ತಿ, ಬೆಂಚು ಅಲುಗುತ್ತದೆಯೇ ಎಂದು ಪರೀಕ್ಷೆ ಮಾಡುತ್ತ ಕುಡಿದ.

ಬೆಳಕು ಇನ್ನೂ ಇರುವಾಗಲೇ ಮಿಸೆಸ್ ಹ್ಯಾಲಿಡೇ ಬಂದರು. ಟೋಪಿ, ಕೈಚೀಲ, ಹೊರಡುವ ಸಿದ್ಧತೆಯ ದಣಿವು. ಬಾಗಿಲಲ್ಲೇ ನಿಂತುಬಿಟ್ಟರು. ಹಾಲು ತುಂಬಿತ್ತು, ಅದನ್ನು ಅವರಿಗೆ ಹೇಳಬೇಕಾಗಿರಲಿಲ್ಲ. ಆದರೂ ಅವರು ಒಳಗೆ ಕಾಲಿಡಲಿಲ್ಲ.

"ಬನ್ನಿ ಅಮ್ಮಾ" ಎಂದ ಚಿನ್ನಪ್ಪ.

"ನಾನು ಈ ಹಾಲಿನಲ್ಲಿ ಯಾವತ್ತೂ ಕೂತಿಲ್ಲ ಚಿನ್ನಪ್ಪಾ" ಎಂದರು ಅವರು ಮೆಲ್ಲಗೆ. "ಲೇಡೀಸ್ ಬರಬಾರದು ಅಂತ ಆ ಪಲ್ಟನ್ನಿನವರದು ರೂಲು. ನಾನು ಹಿಂದಿನ ಕೋಣೆಯಲ್ಲಿ ಕೂತು ಸದ್ದು ಕೇಳ್ತಿದ್ದೆ."

ಇಷ್ಟು ವರ್ಷ ಇದು ಚಿನ್ನಪ್ಪನ ತಲೆಗೇ ಹೊಳೆದಿರಲಿಲ್ಲ. ಅಷ್ಟರಲ್ಲಿ ಮುನಿವೆಂಕಟಮ್ಮ ಒಂದು ಗ್ಲಾಸು ಎತ್ತಿ ಹಿಡಿದು ಕೈಸನ್ನೆ ಮಾಡಿದಳು. ಒಡತಿ ಎಂಬ ಬೆದರಿಕೆ ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಮಿಸೆಸ್ ಹ್ಯಾಲಿಡೇ ಬಂದು ಗ್ಲಾಸು ತೆಗೆದುಕೊಂಡರು. ಕೊಯ್ದು ಇಳಿಸಿದ ಕೌಂಟರನ್ನು ಸವರಿ ನೋಡಿ ನಕ್ಕರು, ನಗುವಾಗ ಕಣ್ಣಲ್ಲಿ ನೀರು ಬಂತು. ಮುದುಕಿಯರಿಬ್ಬರೂ ಪಕ್ಕಪಕ್ಕ ಕೂತು, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದಿದ್ದರೂ ತಲೆಯಾಡಿಸುತ್ತ ಕುಡಿದರು. ಗ್ಲಾಸು ಬರಿದಾದ ಮೇಲೆ ಮಿಸೆಸ್ ಹ್ಯಾಲಿಡೇ ಹೇಳಿದರು: "ಸೋಮವಾರ ಆಫೀಸಿಗೆ ಬಾ, ಲೈಸೆನ್ಸು ಬರೆಸೋಣ. ಸೌದೆಯವನಿಗೆ ನಾನೇ ಹೇಳ್ತೀನಿ."

ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಾಗ ಮನುಷ್ಯನಿಗೆ ನಿಲ್ಲಲು ಆಗುವುದಿಲ್ಲ. ಅಡುಗೆಕೋಣೆಯ ಬಾಗಿಲಲ್ಲಿ ಯಶೋದಮ್ಮ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಚಿನ್ನಪ್ಪನಿಗೆ ಎಲ್ಲಾದರೂ ಒಂದು ಕ್ಷಣ ಕೂರಬೇಕೆನಿಸಿತು. ಇಷ್ಟು ವರ್ಷ ದುಡಿದ ಆ ಹಾಲಿನಲ್ಲಿ ಅವನು ಒಂದು ದಿನವೂ ಕೂತವನಲ್ಲ, ಆಳು ಕೂರುವಂತಿರಲಿಲ್ಲ.

"ಕೂತ್ಕೊಳೋ ಮಗಾ" ಎಂದಳು ಮುನಿವೆಂಕಟಮ್ಮ.

ಅವನು ಸುತ್ತಲೂ ನೋಡಿದ. ನಡುಬೆಂಚು ತುಂಬಿತ್ತು. ಗೋಡೆಯ ಬೆಂಚು ತುಂಬಿತ್ತು. ಸ್ಟೂಲುಗಳ ಮೇಲೆ ಇಬ್ಬಿಬ್ಬರು ಅಂಟಿಕೊಂಡು ಕೂತಿದ್ದರು. ಇಡೀ ಗಿಣಿ ಬಾರಿನಲ್ಲಿ ಅವನಿಗೆ ಕೂರಲು ಒಂದು ಗೇಣು ಜಾಗವಿರಲಿಲ್ಲ. ಚಿನ್ನಪ್ಪನಿಗೆ ನಗು ಬಂತು, ನಕ್ಕು ನಕ್ಕು ಅಳುವೂ ಬಂತು. ಶ್ರೀರಾಮಪ್ಪ ಪಕ್ಕದವನನ್ನು ದಬ್ಬಿ ಜರುಗಿದ.

"ಬಾರಯ್ಯ ಧಣಿ" ಎಂದು ಬೆಂಚನ್ನು ತಟ್ಟಿದ.

ಚಿನ್ನಪ್ಪ ಹೋಗಿ ಕೂತ.